ಎರಡು ಸಾವಿರ ಹೆಚ್ಚು ಸಿಕ್ಕರೆ ಹುಡುಗರು ಬಿಟ್ಟುಹೋಗುತ್ತಾರೆ, ಸಂಬಳ ಎಷ್ಟು ಏರಿಸಲಿ?

ಪ್ರಶ್ನೆ: ಬೆಂಗಳೂರಿನ ಪೀಣ್ಯ ಎರಡನೇ ಹಂತದಲ್ಲಿ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಮಷೀನ್) ಜಾಬ್‌ವರ್ಕ್ ಘಟಕ, ಅಂದರೆ ಬೇರೆ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವ ಘಟಕ, ನಡೆಸುತ್ತಿದ್ದೇನೆ. ಒಟ್ಟು 26 ಜನ ಇದ್ದಾರೆ. ಆಪರೇಟರ್‌ಗಳಿಗೆ ತಿಂಗಳಿಗೆ 20,000 ರೂಪಾಯಿ. ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಕಳೆದು 18,050 ಕೈಗೆ ಹೋಗುತ್ತದೆ. ಐಟಿಐ ಮುಗಿಸಿ ಬಂದವರಿಗೆ ಆರು ತಿಂಗಳು ಕಲಿಸಿ ಮಷೀನ್ ಒಪ್ಪಿಸುವಷ್ಟರಲ್ಲಿ ಪಕ್ಕದ ರಸ್ತೆಯವರು ಎರಡು ಸಾವಿರ ಹೆಚ್ಚು ಕೊಟ್ಟು ಕರೆದುಕೊಳ್ಳುತ್ತಾರೆ. ಕೆಲವರು ಪಿಎಫ್ ಹಿಡಿಯಲೇಬೇಡಿ, ಅದನ್ನೂ ಕೈಗೇ ಕೊಡಿ ಎನ್ನುತ್ತಾರೆ. ಎಷ್ಟು ಕೊಟ್ಟರೆ ಇವರು ನಿಲ್ಲುತ್ತಾರೆ? ಅಷ್ಟು ಕೊಟ್ಟರೆ ನನಗೆ ಗಿಟ್ಟುತ್ತದೆಯೇ?

ಉತ್ತರ: ಎಷ್ಟು ಏರಿಸಬೇಕು ಎಂಬ ಪ್ರಶ್ನೆಗೆ ಆಮೇಲೆ ಬರೋಣ. ಮೊದಲು ಒಂದು ಹಾಳೆಯಲ್ಲಿ 26 ಜನರ ಹೆಸರು ಬರೆಯಿರಿ. ಪ್ರತಿ ಹೆಸರಿನ ಎದುರು ಅವರು ಮಾಡುವ ಕೆಲಸ, ನಿಮ್ಮಲ್ಲಿ ಕಳೆದ ವರ್ಷಗಳು, ಒಟ್ಟು ಸಂಬಳ ಹಾಕಿ. ಒಂದೇ ಕೆಲಸ ಮಾಡುವವರನ್ನು ಒಂದರ ಕೆಳಗೊಂದು ಬರುವಂತೆ ಜೋಡಿಸಿ. ನಿಮ್ಮಂಥ ಘಟಕಗಳಲ್ಲಿ ಹೆಚ್ಚಿನ ಸಲ ಕಾಣುವುದು ಇದು: ನಾಲ್ಕು ವರ್ಷದಿಂದ ಇರುವ ಆಪರೇಟರ್‌ಗೆ 19,500, ಮೂರು ತಿಂಗಳ ಹಿಂದೆ ತುರ್ತಾಗಿ ಸೇರಿಸಿಕೊಂಡವನಿಗೆ 21,000. ನಿಮ್ಮ ಹುಡುಗರು ಬಿಟ್ಟುಹೋಗುವ ಮುಖ್ಯ ಕಾರಣ ಪಕ್ಕದ ರಸ್ತೆಯಲ್ಲಿಲ್ಲ, ಈ ಹಾಳೆಯಲ್ಲಿದೆ. ಸಂಬಳದ ಗುಟ್ಟು ಕ್ಯಾಂಟೀನಿನಲ್ಲಿ ಒಂದು ವಾರವೂ ಉಳಿಯುವುದಿಲ್ಲ. ಹಳಬನಿಗೆ ಸಂಬಳ ಕಡಿಮೆ ಎಂಬುದಕ್ಕಿಂತ, ತಾನು ಕೆಲಸ ಕಲಿಸಿದವನೇ ತನಗಿಂತ ಹೆಚ್ಚು ಎಣಿಸುತ್ತಾನೆ ಎಂಬುದು ಹೆಚ್ಚು ನೋಯುತ್ತದೆ.

ಈ ಏರುಪೇರು ಎರಡು ದಾರಿಯಿಂದ ಬರುತ್ತದೆ. ಒಂದು, ಆರ್ಡರ್ ಒತ್ತಡದಲ್ಲಿ ಹೊಸಬ ಕೇಳಿದಷ್ಟು ಕೊಟ್ಟು ಸೇರಿಸಿಕೊಳ್ಳುವುದು. ಇನ್ನೊಂದು ಯಾರ ಗಮನಕ್ಕೂ ಬಾರದೆ ನಡೆಯುತ್ತದೆ. ಪ್ರತಿ ಏಪ್ರಿಲ್ 1ಕ್ಕೆ ತುಟ್ಟಿಭತ್ಯೆ ಪರಿಷ್ಕರಣೆಯಾಗಿ ರಾಜ್ಯದ ಕನಿಷ್ಠ ವೇತನ ಮೇಲೇರುತ್ತದೆ. ಕೆಳಗಿನ ಮೆಟ್ಟಿಲಲ್ಲಿರುವ ಹೆಲ್ಪರ್, ಟ್ರೈನಿಗಳ ಸಂಬಳವನ್ನು ನೀವು ಕಾನೂನಿಗಾಗಿ ಏರಿಸುತ್ತೀರಿ. ಆಗಲೇ ಕನಿಷ್ಠಕ್ಕಿಂತ ಮೇಲಿರುವ ಹಳಬರನ್ನು ಹಾಗೇ ಬಿಡುತ್ತೀರಿ. ಮೂರು ಏಪ್ರಿಲ್ ಕಳೆದರೆ ಹೆಲ್ಪರ್‌ಗೂ ಆಪರೇಟರ್‌ಗೂ ಅಂತರ ಎಂಟುನೂರು ರೂಪಾಯಿಗೆ ಇಳಿದಿರುತ್ತದೆ. ಆದ್ದರಿಂದ ನಿಯಮ ಮಾಡಿಕೊಳ್ಳಿ: ತುಟ್ಟಿಭತ್ಯೆ ಎಷ್ಟು ರೂಪಾಯಿ ಏರಿತೋ ಅಷ್ಟು ರೂಪಾಯಿ ಎಲ್ಲರಿಗೂ ಏರಬೇಕು. ಇನ್‌ಕ್ರಿಮೆಂಟ್ ಅದರ ಮೇಲೆ ಬೇರೆ.

ನಿಮ್ಮ ಕೈಯಲ್ಲಿರುವ ಮೊದಲ ಹಣವನ್ನು ಈ ಪಟ್ಟಿ ಸರಿಪಡಿಸಲು ಹಾಕಿ. ಆರು ಜನರಿಗೆ ಸರಾಸರಿ 1,500 ಏರಿಸಬೇಕಾಗಿ ಬಂತು ಎಂದುಕೊಳ್ಳಿ, ತಿಂಗಳಿಗೆ 9,000. ಎಲ್ಲ 26 ಜನರಿಗೆ ಐನೂರು ಹಂಚಿದರೆ 13,000 ಹೋಗುತ್ತದೆ, ಏರುಪೇರು ಹಾಗೇ ಉಳಿಯುತ್ತದೆ.

ಈಗ ಪಕ್ಕದವರ ಲೆಕ್ಕ. ಬೇರೆ ಕಡೆ ಎಷ್ಟು ಕೊಡುತ್ತಾರೆ ಎಂಬುದನ್ನು ರಾಜೀನಾಮೆ ಕೊಡುವವನ ಬಾಯಿಂದ ಮಾತ್ರ ಕೇಳಬೇಡಿ. ಸಂದರ್ಶನಕ್ಕೆ ಬರುವವರ ಹಿಂದಿನ ಮೂರು ತಿಂಗಳ ಪೇ ಸ್ಲಿಪ್ ಅಥವಾ ಬ್ಯಾಂಕ್ ಪಾಸ್‌ಬುಕ್ ನೋಡಿ. ಐಟಿಐಗಳಲ್ಲಿ, ಜಿಟಿಟಿಸಿ (ಸರ್ಕಾರಿ ಟೂಲ್ ರೂಂ ತರಬೇತಿ ಕೇಂದ್ರ)ಗಳಲ್ಲಿ ಪ್ಲೇಸ್‌ಮೆಂಟ್ ನೋಡಿಕೊಳ್ಳುವವರನ್ನು ವಿಚಾರಿಸಿ. ಹತ್ತು ಅಂಕಿ ಸಿಕ್ಕರೆ ಸಾಕು, ಚಿತ್ರ ಸ್ಪಷ್ಟವಾಗುತ್ತದೆ. ಪ್ರತಿ ಅಂಕಿಯ ಪಕ್ಕದಲ್ಲೂ ಎರಡು ವಿಷಯ ಬರೆದುಕೊಳ್ಳಿ: ಎಷ್ಟು ಗಂಟೆಯ ಶಿಫ್ಟ್, ಪಿಎಫ್‌–ಇಎಸ್‌ಐ ಇದೆಯೋ ಇಲ್ಲವೋ.

ಗಂಟೆ ಯಾಕೆ ಮುಖ್ಯ ಎಂದರೆ, "24,000 ಕೊಡ್ತಾರೆ" ಎನ್ನುವ ಎಷ್ಟೋ ಕಡೆ ಶಿಫ್ಟ್ 12 ಗಂಟೆಯದು, ಓಟಿ (ಹೆಚ್ಚುವರಿ ಗಂಟೆಗಳ ದುಡಿಮೆಯ ಹಣ) ಅದರಲ್ಲೇ ಸೇರಿರುತ್ತದೆ. 26 ದಿನಕ್ಕೆ 312 ಗಂಟೆ ದುಡಿದರೆ ಗಂಟೆಗೆ ಬೀಳುವುದು 77 ರೂಪಾಯಿ. ನಿಮ್ಮಲ್ಲಿ 8 ಗಂಟೆಯ ಶಿಫ್ಟಿಗೆ, 208 ಗಂಟೆಗೆ, 20,000. ಅಂದರೆ ಗಂಟೆಗೆ 96. ಓಟಿಗೆ ಇಮ್ಮಡಿ ದರ ಕೊಡಬೇಕೆಂಬುದು ಕಾನೂನು. ದಿನಕ್ಕೆ 4 ಗಂಟೆಯಂತೆ ತಿಂಗಳಿಗೆ 104 ಗಂಟೆ ಓಟಿ ಮಾಡಿದವನಿಗೆ, ಮೂಲ ವೇತನ ಮತ್ತು ತುಟ್ಟಿಭತ್ಯೆ 16,000 ಎಂದಿಟ್ಟುಕೊಂಡರೆ, ಓಟಿಯೇ 16,000 ಆಗುತ್ತದೆ. ತಿಂಗಳು ತಿಂಗಳೂ ಇಷ್ಟು ಓಟಿ ಮಾಡಿಸಲು ಕಾಯ್ದೆ ಬಿಡುವುದೂ ಇಲ್ಲ. ಇದನ್ನು ಹುಡುಗನ ಎದುರು ಕೂತು ಲೆಕ್ಕ ಹಾಕಿ ತೋರಿಸಿ. ಆದರೆ ನೀವೇ ಓಟಿಗೆ ಸಿಂಗಲ್ ದರ ಕೊಡುತ್ತಿದ್ದರೆ ಈ ಮಾತೆತ್ತುವ ಹಕ್ಕು ನಿಮಗಿಲ್ಲ, ಮೊದಲು ಅದನ್ನು ಸರಿಮಾಡಿ.

ಇನ್ನು ಪಿಎಫ್. ನಿಮ್ಮ 20,000ದ ಒಬ್ಬ ಆಪರೇಟರ್‌ನ ಚೀಟಿಯನ್ನು ಬಿಡಿಸಿ ನೋಡೋಣ. ಮೂಲ ವೇತನ ಮತ್ತು ತುಟ್ಟಿಭತ್ಯೆ 16,000, ಮನೆ ಬಾಡಿಗೆ ಭತ್ಯೆ 4,000 ಎಂದುಕೊಳ್ಳಿ. (16,000 ಎಂಬುದು ಉದಾಹರಣೆ. ನಿಮ್ಮ ವರ್ಗದ ಈಗಿನ ಕನಿಷ್ಠ ವೇತನ ಎಷ್ಟೆಂದು ಕಾರ್ಮಿಕ ಇಲಾಖೆಯ ಅಧಿಸೂಚನೆ ನೋಡಿಯೇ ಅಂಕಿ ಹಾಕಿ.)

ಕಾರ್ಮಿಕನ ಸಂಬಳದಿಂದ ಕಳೆಯುವುದು: ಪಿಎಫ್ 15,000ದ ಮಿತಿಯ ಮೇಲೆ 12%, ಅಂದರೆ 1,800. ಇಎಸ್‌ಐ 20,000ದ ಮೇಲೆ 0.75%, ಅಂದರೆ 150. ಕೈಗೆ 18,050.

ನೀವು ಮೇಲಿಂದ ಹಾಕುವುದು: ಪಿಎಫ್ 1,800. ಅದರ ಜೊತೆ ವಿಮಾ ಯೋಜನೆಗೆ 75, ಆಡಳಿತ ಶುಲ್ಕ 75. ಇಎಸ್‌ಐ 3.25%, 650. ಬೋನಸ್ 8.33% ಲೆಕ್ಕದಲ್ಲಿ ತಿಂಗಳಿಗೆ 1,333 (7,000 ಅಥವಾ ಕನಿಷ್ಠ ವೇತನ, ಎರಡರಲ್ಲಿ ಹೆಚ್ಚಿನದರ ಮೇಲೆ ಬೋನಸ್ ಲೆಕ್ಕ, ಇಲ್ಲಿ ಕನಿಷ್ಠ ವೇತನವೇ 16,000 ಎಂದು ಹಿಡಿದಿದೆ). ಕೆಲಸ ಬಿಡುವಾಗ ಕೊಡಬೇಕಾದ ಗ್ರ್ಯಾಚುಯಿಟಿಗೆ ಎತ್ತಿಡಬೇಕಾದ್ದು 769. ಒಟ್ಟು 24,702.

ಅಂದರೆ ನಿಮಗೆ ತಗಲುವುದು 24,702, ಹುಡುಗನಿಗೆ ಕಾಣುವುದು 18,050. ನಡುವಿನ 6,652 ರೂಪಾಯಿ ಯಾರಿಗೂ ಕಾಣದ ಹಣ. ಪಕ್ಕದವರು ಪಿಎಫ್ ಹಿಡಿಯದೆ 20,000 ನಗದು ಎಣಿಸಿದರೆ ಅವನಿಗೆ 1,950 ಹೆಚ್ಚು ಬಂದಂತೆ ತೋರುತ್ತದೆ. ಅದರಲ್ಲಿ 1,800 ಅವನದೇ ದುಡ್ಡು, ಪಿಎಫ್ ಖಾತೆಗೆ ಹೋಗಬೇಕಾಗಿದ್ದದ್ದು. ಜೊತೆಗೆ ನೀವು ಹಾಕುತ್ತಿದ್ದ 1,800, ಇಎಸ್‌ಐ, ಬೋನಸ್, ಗ್ರ್ಯಾಚುಯಿಟಿ ಎಲ್ಲವೂ ಹೋಯಿತು. ನಿಮ್ಮ 1,800ರಲ್ಲಿ 1,250 ಪಿಂಚಣಿ ಯೋಜನೆಗೆ, 550 ಪಿಎಫ್ ಖಾತೆಗೆ ಸೇರುತ್ತದೆ. ಪಿಂಚಣಿ ಹಕ್ಕಿಗೆ 10 ವರ್ಷದ ಸೇವೆ ಬೇಕು, ಅದು ಬೇರೆ ಬೇರೆ ಕಂಪನಿಗಳದ್ದನ್ನು ಕೂಡಿಸಿಯೂ ಆಗಬಹುದು. ಸೇವೆಯಲ್ಲಿರುವಾಗ ಕಾರ್ಮಿಕ ತೀರಿಕೊಂಡರೆ ಆ 75 ರೂಪಾಯಿಯ ವಿಮೆಯಿಂದ ಕುಟುಂಬಕ್ಕೆ 7 ಲಕ್ಷದವರೆಗೆ ಬರುತ್ತದೆ. ಇಪ್ಪತ್ತೆರಡರ ಹುಡುಗನಿಗೆ ಇದ್ಯಾವುದೂ ಮನಸ್ಸಿಗೆ ತಟ್ಟಲಿಕ್ಕಿಲ್ಲ. ಮದುವೆಯಾಗಿ ಮಗುವಾದವನಿಗೆ ಖಂಡಿತ ತಟ್ಟುತ್ತದೆ. ಆದ್ದರಿಂದ ಪೇ ಸ್ಲಿಪ್ಪಿನ ಕೆಳಗೆ "ನಿಮ್ಮ ಪರವಾಗಿ ಕಂಪನಿ ಕಟ್ಟಿದ್ದು" ಎಂದು ಇನ್ನೊಂದು ಭಾಗ ಸೇರಿಸಿ, ಕನ್ನಡದಲ್ಲೇ ಮುದ್ರಿಸಿ.

ಪಿಎಫ್ ಹಣವನ್ನೂ ಕೈಗೇ ಕೊಡಿ ಎಂದು ಕೆಲವರು ಕೇಳುತ್ತಾರೆ ಎಂದಿದ್ದೀರಿ. ಕೊಡಬೇಡಿ. 20 ಅಥವಾ ಹೆಚ್ಚು ಜನರಿರುವ ಘಟಕಕ್ಕೆ ಪಿಎಫ್ ಕಡ್ಡಾಯ. ಪಿಎಫ್ ಲೆಕ್ಕದ ವೇತನ 15,000 ಮೀರಿದ್ದು, ಹಿಂದೆಂದೂ ಪಿಎಫ್ ಸದಸ್ಯನಾಗಿರದವನನ್ನು ಸೇರುವಾಗಲೇ ಹೊರಗಿಡಲು ಅವಕಾಶವಿದೆ, ಅಷ್ಟೇ. ಒಮ್ಮೆ ಸದಸ್ಯನಾದವನು ಬೇಡವೆಂದರೂ ನೀವು ಕಟ್ಟಲೇಬೇಕು. ಅವನಿಂದ ಸಹಿ ಹಾಕಿಸಿಕೊಂಡ ಪತ್ರಕ್ಕೆ ಬೆಲೆ ಇಲ್ಲ. ನಾಳೆ ತಪಾಸಣೆಯಾದರೆ ಬಾಕಿಗೆ ವರ್ಷಕ್ಕೆ 12% ಬಡ್ಡಿ, ದಂಡ ಬೇರೆ. ಅದಕ್ಕಿಂತ ಹೆಚ್ಚು ಹೊಡೆತ ಕೊಡುವುದು ಇನ್ನೊಂದು: ಹಿಂದಿನ ತಿಂಗಳುಗಳಲ್ಲಿ ಹಿಡಿಯದೆ ಬಿಟ್ಟ ಕಾರ್ಮಿಕನ ಪಾಲನ್ನು ಈಗಿನ ಸಂಬಳದಿಂದ ಮುರಿದುಕೊಳ್ಳುವಂತಿಲ್ಲ, ಎರಡೂ ಪಾಲು ನಿಮ್ಮ ಜೇಬಿನಿಂದಲೇ ಹೋಗುತ್ತದೆ.

ಹುಡುಗರು ಪಿಎಫ್ ಬೇಡ ಎನ್ನುವುದಕ್ಕೆ ಬಹುಪಾಲು ಕಾರಣ ಅದು ಸಿಗುವುದಿಲ್ಲ ಎಂಬ ಅನುಭವ. ಹಳೆಯ ಕಂಪನಿಯವರು ಬಿಟ್ಟ ದಿನಾಂಕ ನಮೂದಿಸಿರುವುದಿಲ್ಲ. ಆಧಾರ್‌ನಲ್ಲಿ ಒಂದು ಹೆಸರು, ಪಿಎಫ್‌ನಲ್ಲಿ ಇನ್ನೊಂದು ಇರುತ್ತದೆ: ತಂದೆ ಹೆಸರು ಮುಂದೆ, ಊರಿನ ಹೆಸರು ಹಿಂದೆ, ಇನಿಷಿಯಲ್ ಒಂದು ಕಡೆ ಬಿಡಿಸಿದ್ದು, ಇನ್ನೊಂದು ಕಡೆ ಅಕ್ಷರ ಮಾತ್ರ. ಕ್ಲೇಮ್ ತಿರಸ್ಕೃತವಾಗುತ್ತಲೇ ಇರುತ್ತದೆ. ನಿಮ್ಮ ಆಫೀಸಿನವರನ್ನು ತಿಂಗಳಿಗೊಂದು ಮಧ್ಯಾಹ್ನ ಇದಕ್ಕೇ ಕೂರಿಸಿ. ಎಲ್ಲರ ಯುಎಎನ್ (ಪಿಎಫ್ ಸದಸ್ಯ ಸಂಖ್ಯೆ) ತೆರೆದು ಹೆಸರು, ಹುಟ್ಟಿದ ದಿನಾಂಕ, ಬ್ಯಾಂಕ್ ಖಾತೆ, ನಾಮಿನಿ ಹೊಂದಿಕೆಯಾಗಿವೆಯೇ ನೋಡಲಿ. ಹಳೆಯ ಖಾತೆಯನ್ನು ಹೊಸದಕ್ಕೆ ವರ್ಗಾಯಿಸಿಕೊಡಲಿ. ಖರ್ಚಿಲ್ಲದ ಈ ಕೆಲಸ ಗಳಿಸಿಕೊಡುವಷ್ಟು ನಂಬಿಕೆ ಐನೂರು ರೂಪಾಯಿ ಇನ್‌ಕ್ರಿಮೆಂಟ್ ಗಳಿಸಿಕೊಡುವುದಿಲ್ಲ. ಹಿಡಿದ ಹಣವನ್ನು ಮುಂದಿನ ತಿಂಗಳ 15ರೊಳಗೆ ಕಟ್ಟಿ. ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ಎಲ್ಲರೂ ನೋಡುತ್ತಾರೆ, ಎರಡು ತಿಂಗಳು ಹಣ ಕಾಣದಿದ್ದರೆ ಮಾತು ಶುರುವಾಗುತ್ತದೆ.

ಇಎಸ್‌ಐ ವಿಷಯದಲ್ಲಿ ಸಂಬಳ ಏರಿಸುವಾಗ ಒಂದು ಗುಂಡಿ ಇದೆ, ಅನೇಕರು ಅದರಲ್ಲಿ ಬೀಳುತ್ತಾರೆ. ಇಎಸ್‌ಐ ಮಿತಿ 21,000. ಒಳ್ಳೆಯ ಆಪರೇಟರ್‌ಗೆ 20,800ರಿಂದ 21,500ಕ್ಕೆ ಏರಿಸಿದಿರಿ ಎನ್ನಿ. ಕೈಗೆ 700 ಹೆಚ್ಚಾಯಿತು, ಇಎಸ್‌ಐ ಕಡಿತ 156 ಉಳಿಯಿತು. ಆದರೆ ಹೆಂಡತಿ, ಮಕ್ಕಳು, ಅವಲಂಬಿತ ತಂದೆತಾಯಿ ಎಲ್ಲರ ಚಿಕಿತ್ಸೆ, ಕಾಯಿಲೆ ರಜೆಗೆ 91 ದಿನದವರೆಗೆ ಸಿಗುತ್ತಿದ್ದ 70% ಭತ್ಯೆ, ಎಲ್ಲವೂ ಹೋಯಿತು. ಊರಲ್ಲಿರುವ ತಾಯಿಗೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆಯುತ್ತಿದ್ದರೆ ಆ 700 ರೂಪಾಯಿ ಅವನಿಗೆ ಬಡ್ತಿಯಲ್ಲ, ಪೆಟ್ಟು.

ಹೀಗೆ ಮಾಡಿ. ಮಿತಿ ದಾಟಿಸುವುದಾದರೆ ಐನೂರು, ಏಳುನೂರಕ್ಕೆ ದಾಟಿಸಬೇಡಿ, 22,500ಕ್ಕೆ ಒಮ್ಮೆಲೇ ಹೋಗಿ. ದಾಟುವವರಿಗೆ ಕಂಪನಿ ಖರ್ಚಿನಲ್ಲೇ ಗುಂಪು ಆರೋಗ್ಯ ವಿಮೆ ಮಾಡಿಸಿ. ಮಿತಿಯ ಹತ್ತಿರದವನಿಗೆ ನೀವು ಕಟ್ಟುತ್ತಿದ್ದ ಇಎಸ್‌ಐ ಪಾಲೇ ವರ್ಷಕ್ಕೆ 8,000ಕ್ಕೂ ಹೆಚ್ಚು, ಅದನ್ನು ಪ್ರೀಮಿಯಂಗೆ ತಿರುಗಿಸಿ. ಪಾಲಿಸಿ ತೆಗೆದುಕೊಳ್ಳುವಾಗ ತಂದೆತಾಯಿ ಸೇರುತ್ತಾರೆಯೇ, ಮೊದಲೇ ಇರುವ ಕಾಯಿಲೆಗೆ ಮೊದಲ ದಿನದಿಂದ ರಕ್ಷಣೆ ಇದೆಯೇ ಎಂದು ಕೇಳಿ, ಅಗ್ಗದ ಪಾಲಿಸಿಗಳು ಇವೆರಡನ್ನೇ ಬಿಟ್ಟಿರುತ್ತವೆ. ಇಎಸ್‌ಐ ವಂತಿಗೆ ಅವಧಿ ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಅವಧಿಯ ನಡುವೆ ಸಂಬಳ ಮಿತಿ ದಾಟಿದರೆ ಆ ಅವಧಿ ಮುಗಿಯುವವರೆಗೂ ಇಎಸ್‌ಐ ಮುಂದುವರಿಯುತ್ತದೆ. ಹಾಗಾಗಿ ಇಂಥವರ ಏರಿಕೆಯನ್ನು ಏಪ್ರಿಲ್ 1ರ ಬದಲು ಮೇ 1ರಿಂದ ಕೊಟ್ಟರೆ ಪಾಲಿಸಿ ಹೊಂದಿಸಲು ಐದು ತಿಂಗಳ ಕಾಲ ಸಿಗುತ್ತದೆ. ಓಟಿ ಹಣವನ್ನು ಈ 21,000ದ ಮಿತಿಗೆ ಸೇರಿಸುವುದಿಲ್ಲ.

ಇನ್ನು ಸಂಬಳದ ಮೆಟ್ಟಿಲು. "ಚೆನ್ನಾಗಿ ಕೆಲಸ ಮಾಡು, ನೋಡೋಣ" ಎಂಬ ಮಾತಿಗೆ ಯಾರೂ ನಿಲ್ಲುವುದಿಲ್ಲ. ನಾಲ್ಕು ದರ್ಜೆ ಬರೆದು ಗೋಡೆಗೆ ಹಾಕಿ. ಟ್ರೈನಿ. ಆಪರೇಟರ್ ಒಂದು: ಜಾಬ್ ಹಾಕಿ ತೆಗೆಯುತ್ತಾನೆ, ವರ್ನಿಯರ್, ಮೈಕ್ರೋಮೀಟರ್ ಸರಿಯಾಗಿ ಓದುತ್ತಾನೆ. ಆಪರೇಟರ್ ಎರಡು: ಇನ್ಸರ್ಟ್ (ಕತ್ತರಿಸುವ ತುದಿ) ಬದಲಿಸಿ ಆಫ್‌ಸೆಟ್ (ಅಳತೆಯ ಹೊಂದಾಣಿಕೆ) ತಾನೇ ತಿದ್ದುತ್ತಾನೆ, ಎರಡು ಮಷೀನ್ ನೋಡಿಕೊಳ್ಳುತ್ತಾನೆ. ಸೆಟ್ಟರ್: ಹೊಸ ಡ್ರಾಯಿಂಗ್ ಕೈಗಿಟ್ಟರೆ ಫಿಕ್ಸ್ಚರ್ (ಜಾಬ್ ಹಿಡಿದಿಡುವ ಜೋಡಣೆ) ಕಟ್ಟಿ, ಪ್ರೋಗ್ರಾಂ ತಿದ್ದಿ ಫಸ್ಟ್ ಪೀಸ್ ಓಕೆ ಮಾಡಿಸುತ್ತಾನೆ. ದರ್ಜೆಯಿಂದ ದರ್ಜೆಗೆ 12ರಿಂದ 20% ಅಂತರವಿರಲಿ: ಆಪರೇಟರ್ ಒಂದಕ್ಕೆ 20,000 ಇದ್ದರೆ ಎರಡಕ್ಕೆ 22,500, ಸೆಟ್ಟರ್‌ಗೆ 27,000. (25,000 ಮುಟ್ಟಿದವರಿಗೆ ವೃತ್ತಿ ತೆರಿಗೆ 200 ಹಿಡಿಯಬೇಕು, ಫೆಬ್ರವರಿಯಲ್ಲಿ 300.)

ಬಡ್ತಿಗೆ ಪರೀಕ್ಷೆ ಇಡಿ, ಆರು ತಿಂಗಳಿಗೊಮ್ಮೆ, ತಾರೀಖು ಮೊದಲೇ ತಿಳಿಸಿ. ಒಂದು ಡ್ರಾಯಿಂಗ್, ಒಂದು ಕಚ್ಚಾ ತುಂಡು, ಮೂರು ಗಂಟೆ ಸಮಯ. ತಯಾರಾದ ಪೀಸನ್ನು ಇನ್‌ಸ್ಪೆಕ್ಷನ್‌ನವರು ಅಳೆದು ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ವ್ಯತ್ಯಾಸ) ಒಳಗಿದೆಯೇ ಹೇಳಲಿ. ಪಾಸಾದರೆ ಮುಂದಿನ ತಿಂಗಳಿಂದಲೇ ಹೊಸ ಸಂಬಳ, ಜಾಗ ಖಾಲಿ ಇಲ್ಲ ಎಂಬ ನೆಪ ಬೇಡ. ಹೀಗಿದ್ದರೆ ಸೂಪರ್‌ವೈಸರ್‌ನ ಕೃಪೆಗೆ ಬೀಳಬೇಕಿಲ್ಲ ಎಂದು ಹುಡುಗರಿಗೆ ಗೊತ್ತಾಗುತ್ತದೆ. ಮೊದಲ ಬಡ್ತಿಯನ್ನು ಆರನೇ ತಿಂಗಳಿಗೇ ಇಡಿ, ಏಕೆಂದರೆ ನೀವು ಕಲಿಸಿದವರು ಹಾರುವುದೂ ಆರನೇ ತಿಂಗಳಲ್ಲೇ. ಅವನ ಕೌಶಲಕ್ಕೆ ಹೊರಗಿನ ಬೆಲೆ ಅಂದೇ ಏರಿದೆ, ನೀವು ಮಾತ್ರ ವರ್ಷ ತುಂಬುವವರೆಗೆ ಟ್ರೈನಿ ಎಂದೇ ಕರೆಯುತ್ತಿದ್ದೀರಿ.

ರಾಜೀನಾಮೆ ಪತ್ರ ಇಟ್ಟವನಿಗೆ ಅಂದೇ ಎರಡು ಸಾವಿರ ಏರಿಸಿ ಉಳಿಸಿಕೊಳ್ಳುವ ಅಭ್ಯಾಸ ಇದ್ದರೆ ಇಂದೇ ಬಿಡಿ. ಉಳಿದ 25 ಜನ ಅದರಿಂದ ಕಲಿಯುವ ಪಾಠ ಒಂದೇ: ಕೇಳಿದರೆ ಸಿಗುವುದಿಲ್ಲ, ಬಿಡುತ್ತೇನೆ ಎಂದರೆ ಸಿಗುತ್ತದೆ.

ಗಿಟ್ಟುತ್ತದೆಯೇ ಎಂದು ಕೇಳಿದ್ದಕ್ಕೆ ಉತ್ತರ ನಿಮ್ಮ ಮಷೀನ್ ಗಂಟೆ ದರದಲ್ಲಿದೆ. ಒಬ್ಬ ಆಪರೇಟರ್‌ಗೆ 2,000 ಏರಿಸಿದರೆ ವರ್ಷಕ್ಕೆ 24,000. ಪಿಎಫ್ 15,000ದ ಮಿತಿಯಲ್ಲೇ ಕಟ್ಟುತ್ತಿರುವುದರಿಂದ ಅದು ಏರುವುದಿಲ್ಲ. ಗ್ರ್ಯಾಚುಯಿಟಿ, ಇಎಸ್‌ಐ ಅಥವಾ ವಿಮೆಯ ಏರಿಕೆ ಸೇರಿಸಿ 26,000 ಎನ್ನಿ. ಈಗ ಅವನು ಬಿಟ್ಟರೆ ಏನಾಗುತ್ತದೆ ನೋಡಿ. ವಿಎಂಸಿ (ಸಿಎನ್‌ಸಿ ಮಿಲ್ಲಿಂಗ್ ಮಷೀನ್) ಗಂಟೆ ದರ 400 ಎಂದಿಟ್ಟುಕೊಳ್ಳಿ. ಬದಲಿ ಸಿಗುವವರೆಗೆ ಐದು ದಿನ, ಎರಡು ಶಿಫ್ಟ್ ಮಷೀನ್ ನಿಂತರೆ 32,000. ಹೊಸಬ ಕೈ ಕುದುರಿಸಿಕೊಳ್ಳುವ ಎರಡು ತಿಂಗಳಲ್ಲಿ ಮುರಿಯುವ ಇನ್ಸರ್ಟ್, ರಿಜೆಕ್ಟ್ ಆಗುವ ಪೀಸ್, ತಡವಾದ ಡೆಲಿವರಿ ಇದರಲ್ಲಿ ಸೇರಿಲ್ಲ. 400ರ ಬದಲು ನಿಮ್ಮ ನಿಜವಾದ ದರ ಹಾಕಿ, ಕಳೆದ ವರ್ಷ ಬಿಟ್ಟವರ ಸಂಖ್ಯೆಯಿಂದ ಗುಣಿಸಿ. ಆ ಮೊತ್ತವನ್ನು ಹಿಡಿದುಕೊಂಡೇ ಗ್ರಾಹಕರ ಬಳಿ ಜಾಬ್‌ವರ್ಕ್ ದರದ ಮಾತಾಡಿ. ಕನಿಷ್ಠ ವೇತನ ಏರಿದ ಅಧಿಸೂಚನೆಯ ಪ್ರತಿ ಜೊತೆಗಿದ್ದರೆ ಖರೀದಿ ವಿಭಾಗದವರು ಸುಲಭಕ್ಕೆ ತಳ್ಳಿಹಾಕಲಾರರು.

ಸಣ್ಣ ಸೌಲಭ್ಯಗಳಲ್ಲಿ ಕೆಲವು ಹಣಕ್ಕಿಂತ ಹೆಚ್ಚು ಹಿಡಿಯುತ್ತವೆ. ಲಗ್ಗೆರೆ, ಹೆಗ್ಗನಹಳ್ಳಿ ಕಡೆ ರೂಮಿಗೆ ಅಡ್ವಾನ್ಸ್ ಹೊಂದಿಸುವುದೇ ಊರಿಂದ ಬಂದ ಹುಡುಗನ ಮೊದಲ ಸಂಕಟ. ಬಡ್ಡಿಯಿಲ್ಲದೆ 30,000 ಕೊಟ್ಟು ಹತ್ತು ಕಂತಿನಲ್ಲಿ ಹಿಡಿಯಿರಿ. ಜೂನ್‌ನಲ್ಲಿ ಮಕ್ಕಳ ಶಾಲಾ ಶುಲ್ಕಕ್ಕೂ ಹಾಗೇ. ಆದರೆ ಅಡ್ವಾನ್ಸನ್ನು ಕಾಲಿಗೆ ಕಟ್ಟುವ ಹಗ್ಗ ಮಾಡಬೇಡಿ. ಮೂಲ ಅಂಕಪಟ್ಟಿ ಇಟ್ಟುಕೊಳ್ಳುವುದು, ಒಂದು ತಿಂಗಳ ಸಂಬಳ ತಡೆಹಿಡಿಯುವುದು ಬೇಡವೇ ಬೇಡ. ಹಾಗೆ ಮಾಡುವ ಕಂಪನಿಯ ಹೆಸರು ಐಟಿಐ ಹುಡುಗರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬೇಗ ಹರಡುತ್ತದೆ, ಒಳ್ಳೆಯವರು ಅರ್ಜಿಯನ್ನೇ ಹಾಕುವುದಿಲ್ಲ. ನೈಟ್ ಶಿಫ್ಟ್ ಭತ್ಯೆಯನ್ನು ಶಿಫ್ಟಿಗಿಷ್ಟು ಎಂದು ಬೇರೆಯಾಗಿಯೇ ತೋರಿಸಿ.

ಹಾಜರಾತಿ ಬೋನಸ್ ಇದ್ದರೆ ಅದರ ರಚನೆ ನೋಡಿಕೊಳ್ಳಿ. ಪೂರ್ತಿ ಹಾಜರಿಗೆ 1,000, ಒಂದು ದಿನ ತಪ್ಪಿದರೆ ಸೊನ್ನೆ ಎಂದಿದ್ದರೆ, 6ನೇ ತಾರೀಖಿಗೇ ಒಂದು ದಿನ ತಪ್ಪಿಸಿದವನು ಇನ್ನೇನು ಹೋಗುವುದಿದೆ ಎಂದು ಮತ್ತೆ ಮೂರು ದಿನ ಬರುವುದಿಲ್ಲ. 26 ದಿನಕ್ಕೆ 1,000, 25ಕ್ಕೆ 700, 24ಕ್ಕೆ 400 ಎಂದು ಇಳಿಸುತ್ತಾ ಬನ್ನಿ.

ವಾರ್ಷಿಕ ಬೋನಸ್ ಪಡೆದು ಆಯುಧಪೂಜೆಯ ಮರುವಾರವೇ ಬಿಡುವವರ ಕಾಟ ನಿಮಗೂ ಇರಬಹುದು. 30 ದಿನ ಕೆಲಸ ಮಾಡಿದವನಿಗೆ ಕಾನೂನಿನ ಬೋನಸ್ ಅವನು ಬಿಟ್ಟರೂ ಸಲ್ಲಬೇಕು, ಅದನ್ನು ಗಾಳವಾಗಿ ಬಳಸಲಾಗದು. ನೀವು ಸ್ವಂತವಾಗಿ ಕೊಡುವ ಹೆಚ್ಚುವರಿ ಮೊತ್ತವನ್ನು ಹಬ್ಬದಿಂದ ಬೇರ್ಪಡಿಸಿ, ಪ್ರತಿಯೊಬ್ಬರೂ ಸೇರಿದ ತಿಂಗಳಿಗೆ ವರ್ಷಕ್ಕೆ ಎರಡು ಕಂತಿನಲ್ಲಿ ಕೊಡಿ. ಆಗ ಎಲ್ಲರೂ ಒಂದೇ ವಾರ ಎದ್ದುಹೋಗುವುದು ನಿಲ್ಲುತ್ತದೆ.

2025ರ ನವೆಂಬರ್ 21ರಿಂದ ಜಾರಿಯಾದ ಕಾರ್ಮಿಕ ಸಂಹಿತೆಗಳನ್ನೂ ಗಮನಿಸಿ. ಮನೆ ಬಾಡಿಗೆ, ಪ್ರಯಾಣ ಮುಂತಾದ ಭತ್ಯೆಗಳು ಒಟ್ಟು ಮೊತ್ತದ ಅರ್ಧ ಮೀರಿದರೆ ಮೀರಿದ್ದೆಲ್ಲ ವೇತನಕ್ಕೇ ಸೇರುತ್ತದೆ, ಮೂಲ ವೇತನವನ್ನು ಸಣ್ಣದಾಗಿ ತೋರಿಸಿ ಗ್ರ್ಯಾಚುಯಿಟಿ ಉಳಿಸುವ ದಾರಿ ಮುಚ್ಚಿದೆ. ಎಲ್ಲರಿಗೂ ನೇಮಕಾತಿ ಪತ್ರ ಕಡ್ಡಾಯ. ಗ್ರ್ಯಾಚುಯಿಟಿಗೆ ಸಾಮಾನ್ಯವಾಗಿ 5 ವರ್ಷ ಬೇಕು, ನಿಗದಿತ ಅವಧಿಗೆ ನೇಮಿಸಿಕೊಂಡವರಿಗೆ ಈಗ ಒಂದು ವರ್ಷ ಸಾಕು. ಬಿಟ್ಟುಹೋದವನ ವೇತನ ಬಾಕಿಯನ್ನು ಎರಡು ಕೆಲಸದ ದಿನಗಳಲ್ಲಿ ಚುಕ್ತಾ ಮಾಡಬೇಕು. ತಿಂಗಳ ಸಂಬಳಕ್ಕೆ ಕೊನೆಯ ದಿನ ಮುಂದಿನ ತಿಂಗಳ 7. ಆದರೆ ಬಾಡಿಗೆ ಮನೆಯ ಓನರ್ 5ಕ್ಕೇ ಬಾಗಿಲು ಬಡಿಯುತ್ತಾನೆ, ನೀವು 4ಕ್ಕೇ ಖಾತೆಗೆ ಹಾಕಿ.

ಹೊಸಬರನ್ನು ತೆಗೆದುಕೊಳ್ಳುವಾಗ ಪ್ರಧಾನಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆಯನ್ನು ಬಿಡಬೇಡಿ. 2025ರ ಆಗಸ್ಟ್ 1ರಿಂದ 2027ರ ಜುಲೈ 31ರೊಳಗೆ ಸೃಷ್ಟಿಯಾದ ಕೆಲಸಗಳಿಗೆ ಇದು ಅನ್ವಯ. 50ಕ್ಕಿಂತ ಕಡಿಮೆ ಜನರಿರುವ ಘಟಕ ಕನಿಷ್ಠ ಇಬ್ಬರನ್ನು ಹೆಚ್ಚುವರಿಯಾಗಿ ಸೇರಿಸಿಕೊಂಡು ಆರು ತಿಂಗಳು ಉಳಿಸಿಕೊಂಡರೆ, ಪಿಎಫ್ ವೇತನ 10,000 ಮೀರಿ 20,000ದವರೆಗಿನ ಪ್ರತಿಯೊಬ್ಬರಿಗೆ ತಿಂಗಳಿಗೆ 2,000 ನಿಮಗೆ ಬರುತ್ತದೆ. ಬೇರೆ ವಲಯದ ಘಟಕಗಳಿಗೆ ಇದು ಎರಡು ವರ್ಷ ಸಿಕ್ಕರೆ, ತಯಾರಿಕಾ ಘಟಕಕ್ಕೆ ನಾಲ್ಕು ವರ್ಷ. ಮೊದಲ ಸಲ ಪಿಎಫ್ ಸೇರುವ ಹುಡುಗನಿಗೂ ಒಟ್ಟು 15,000ದವರೆಗೆ ಎರಡು ಕಂತಿನಲ್ಲಿ ಬರುತ್ತದೆ, ಆರನೇ ತಿಂಗಳ ನಂತರ ಒಂದು, ಹನ್ನೆರಡನೆಯದರ ನಂತರ ಇನ್ನೊಂದು. ನಗದು ಕೊಡುವ ಪಕ್ಕದವರ ಬಳಿ ಹೋದರೆ ಅವನಿಗೆ ಇದು ಸಿಗುವುದಿಲ್ಲ. ಸೇರುವ ದಿನವೇ ಈ ವಿಷಯವನ್ನು ಅವನಿಗೆ ಬರಹದಲ್ಲಿ ಕೊಡಿ. ನಿಮ್ಮ ಪಿಎಫ್ ರಿಟರ್ನ್ ತಿಂಗಳು ತಪ್ಪದೆ ಸಲ್ಲಿಕೆಯಾಗುತ್ತಿದ್ದರೆ ಮಾತ್ರ ಈ ಹಣ ಬರುತ್ತದೆ ಎಂಬುದನ್ನು ನಿಮ್ಮ ಲೆಕ್ಕಪತ್ರದವರಿಗೂ ತಿಳಿಸಿ.